ಓಝಾರ್ಕ್ಸ್ ಸರೋವರದಲ್ಲಿ ಮೂರು ರಾತ್ರಿ

ಮೊದಲ ದಿನ, ಗುರುವಾರ

ಜೂನ್ ಕೊನೆಯ ವಾರ, ಅಮಾವಾಸ್ಯೆಯ ಮರುದಿನ, ನಾನೂ ನನ್ನ ಹನ್ನೊಂದು ವರ್ಷದ ಮಗನೂ ಬೆಳಿಗ್ಗೆ ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಿಂದ ಹೊರಟೆವು. ಜೆಫರ್ಸನ್ ಸಿಟಿ ದಾಟಿ 54ನೇ ಹೆದ್ದಾರಿಯಲ್ಲಿ ನೈಋತ್ಯಕ್ಕೆ ಸಾಗಿದರೆ ಸುಮಾರು ಮೂರು ಗಂಟೆಯಲ್ಲಿ ಓಕ್ ಮರಗಳ ಗುಡ್ಡಗಳ ನಡುವೆ ಓಝಾರ್ಕ್ಸ್ ಸರೋವರ ಕಾಣಿಸುತ್ತದೆ. ದಿನ ಗೊತ್ತುಮಾಡಿದವನು ನನ್ನ ಸಹೋದ್ಯೋಗಿ ಸ್ನೇಹಿತ. ಅವನ ಮಾವನ ಮನೆ ಕ್ಯಾಮ್ಡನ್ಟನ್ ಊರಿನ ಹತ್ತಿರ, ಸರೋವರದ ನಯಾಂಗ್ವಾ ತೋಳಿನ ಒಂದು ಸಣ್ಣ ಕೊಲ್ಲಿಯ ದಂಡೆಯ ಮೇಲಿದೆ. ಕ್ರಾಪಿ ಮೀನಿಗೆ ದೋಣಿಯಿಂದ ಬೆಳಕು ಹಾಕುವುದಾದರೆ ಆಕಾಶದಲ್ಲಿ ಚಂದ್ರ ಇರಬಾರದು, ಇದ್ದರೆ ನಮ್ಮ ದೀಪಕ್ಕೆ ಬೆಲೆಯಿಲ್ಲ ಎಂದು ಅವನು ಎರಡು ತಿಂಗಳ ಹಿಂದೆಯೇ ಪಂಚಾಂಗ ನೋಡಿದವನಂತೆ ಹೇಳಿದ್ದ. ಆ ಮಾತು ನನಗೆ ಹೊಸದಾಗಿರಲಿಲ್ಲ. ನಾನು ಹುಟ್ಟಿದ್ದು ಗಂಗೊಳ್ಳಿಯಲ್ಲಿ. ಅಮಾಸೆಯ ರಾತ್ರಿ ಅಜ್ಜ ತೆಂಗಿನ ಒಣಗರಿಯ ಸೂಡಿ ಹೊತ್ತಿಸಿಕೊಂಡು ಹೊಳೆಯ ಬದಿಗೆ ಇಳಿಯುತ್ತಿದ್ದುದನ್ನು ನೋಡಿ ಬೆಳೆದವನು ನಾನು.

ಆದರೂ ಈ ಪ್ರವಾಸದ ವಿಷಯವನ್ನು ಊರಿನಲ್ಲಿರುವ ಅಪ್ಪನಿಗೆ ನಾನು ಹೇಳಿರಲಿಲ್ಲ. ಅಪ್ಪ ನಲವತ್ತು ವರ್ಷ ನಾಡದೋಣಿಯಲ್ಲಿ ದುಡಿದವರು. ನಮ್ಮ ಕರಾವಳಿಯಲ್ಲಿ 'ಲೈಟ್ ಫಿಶಿಂಗ್' ಎಂಬ ಮಾತಿಗೆ ಬೇರೆಯದೇ ಅರ್ಥವಿದೆ. ದೊಡ್ಡ ದೋಣಿಗಳು ಜನರೇಟರ್ ಇಟ್ಟುಕೊಂಡು, ಕಣ್ಣು ಕೋರೈಸುವ ಎಲ್‌ಇಡಿ ದೀಪಗಳನ್ನು ಕಡಲಿನ ಮೇಲೆ ಉರಿಸಿ, ದೂರದಿಂದ ಬಂದು ಸೇರಿದ ಮೀನಿನ ಹಿಂಡನ್ನು ಮರಿಯೊಂದಿಗೆ ಬಲೆಯಲ್ಲಿ ಸುತ್ತುವರಿದು ಎತ್ತಿಬಿಡುತ್ತವೆ. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೇಶದ ಹಕ್ಕಿನ ಕಡಲಿನಲ್ಲಿ (ಅನನ್ಯ ಆರ್ಥಿಕ ವಲಯದಲ್ಲಿ) ಕೃತಕ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿತು. ಅದಾದ ಮೇಲೂ ರಾತ್ರಿ ದೂರದಲ್ಲಿ ಆ ಬೆಳಕು ಕಂಡಾಗಲೆಲ್ಲ ಅಪ್ಪ ಅಂಗಳದಿಂದ ಎದ್ದು ಒಳಗೆ ಹೋಗುತ್ತಿದ್ದರು. ಅಂಥವರ ಮಗ ದೋಣಿಗೆ ದೀಪ ಕಟ್ಟಿಕೊಂಡು ಮೀನು ಹಿಡಿಯಲು ಹೊರಟಿದ್ದೇನೆ ಎಂಬ ಅಳುಕು ದಾರಿಯುದ್ದಕ್ಕೂ ನನ್ನ ಜೊತೆಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ಮಾವ ನಮ್ಮನ್ನು ದಕ್ಕೆಗೆ ಕರೆದೊಯ್ದರು. ಇಲ್ಲಿಯವರು ಡಾಕ್ ಎನ್ನುವುದನ್ನು ನಾನು ಮನಸ್ಸಿನಲ್ಲಿ ದಕ್ಕೆ ಎಂದೇ ಕರೆದುಕೊಂಡೆ. ಗಂಗೊಳ್ಳಿಯ ದಕ್ಕೆ ಇಡೀ ಊರಿನದು, ಇಲ್ಲಿ ಮನೆಗೊಂದು ದಕ್ಕೆ. ಫೋಮ್ ತುಂಬಿದ ಪ್ಲಾಸ್ಟಿಕ್ ಪೆಟ್ಟಿಗೆಗಳ ಮೇಲೆ ಹಲಗೆಯ ನೆಲ, ಮೇಲೊಂದು ತಗಡಿನ ಮಾಡು, ನಡುವೆ ದೋಣಿ ನಿಲ್ಲುವ ಗೂಡು; ನೀರು ಏರಿದರೆ ತಾನೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಕೊಲ್ಲಿಯ ಎರಡೂ ದಂಡೆಗಳಲ್ಲಿ ಕಣ್ಣು ಹಾಯುವಷ್ಟು ದೂರ ಇಂಥವೇ ಸಾಲಾಗಿ ನಿಂತಿದ್ದವು. ಇದಕ್ಕೆ ಕಾರಣ ಸರೋವರದ ಹುಟ್ಟಿನಲ್ಲೇ ಇದೆ. ಒಸೇಜ್ ನದಿಗೆ ಅಡ್ಡಲಾಗಿ ಬ್ಯಾಗ್ನೆಲ್ ಅಣೆಕಟ್ಟನ್ನು 1929ರಿಂದ 1931ರ ನಡುವೆ ಕಟ್ಟಿದ್ದು ಯೂನಿಯನ್ ಎಲೆಕ್ಟ್ರಿಕ್ ಎಂಬ ಖಾಸಗಿ ವಿದ್ಯುತ್ ಕಂಪನಿ. ಹೀಗಾಗಿ ದಂಡೆಯ ಭೂಮಿ ಬಹುಪಾಲು ಖಾಸಗಿಯವರ ಕೈ ಸೇರಿತು, ಮನೆಗಳು ಬಂದವು, ಮನೆಗಳ ಹಿಂದೆ ದಕ್ಕೆಗಳು ಬಂದವು. ಅದೇ ನದಿಯ ಮೇಲ್ಭಾಗದಲ್ಲಿ ಸೇನೆಯ ಎಂಜಿನಿಯರುಗಳು ಕಟ್ಟಿದ ಟ್ರೂಮನ್ ಸರೋವರದಲ್ಲಿ ಇಂಥ ಖಾಸಗಿ ದಕ್ಕೆಗಳಿಲ್ಲ. ಇಲ್ಲಿಯ ದಂಡೆಯ ಉದ್ದವೇ ಸುಮಾರು 1,150 ಮೈಲು. ಆ ಲೆಕ್ಕದಲ್ಲಿ ಕ್ರಾಪಿ ಮೀನಿಗೆ ಎಷ್ಟು ನೆರಳು, ಎಷ್ಟು ಆಸರೆ ಸಿಕ್ಕಿರಬಹುದೆಂದು ಊಹಿಸಿಕೊಳ್ಳಬಹುದು.

ಆಸರೆ ಎಂದರೆ ಬರೀ ದಕ್ಕೆಯ ನೆರಳಲ್ಲ. ಮಾವ ಪ್ರತಿ ಚಳಿಗಾಲದಲ್ಲೂ ಗುಡ್ಡದಲ್ಲಿ ಹೇರಳವಾಗಿ ಬೆಳೆಯುವ ಕೆಂಪು ಸೀಡರ್ ಮರಗಳನ್ನು ಕಡಿದು, ಬುಡಕ್ಕೆ ಸಿಮೆಂಟ್ ಇಟ್ಟಿಗೆ ಕಟ್ಟಿ, ದಕ್ಕೆಯ ಸುತ್ತ ಹದಿನೈದರಿಂದ ಇಪ್ಪತ್ತು ಅಡಿ ಆಳದಲ್ಲಿ ಮುಳುಗಿಸುತ್ತಾರೆ. ಆ ರೆಂಬೆಗಳಲ್ಲಿ ಪಾಚಿ ಕಟ್ಟುತ್ತದೆ, ಪಾಚಿಗೆ ಸಣ್ಣ ಹುಳುಗಳು, ಹುಳುಗಳಿಗೆ ಮರಿಮೀನುಗಳು ಬರುತ್ತವೆ, ಅವುಗಳ ಹಿಂದೆ ಕ್ರಾಪಿ ಬಂದು ರೆಂಬೆಗಳ ನಡುವೆ ಅಲುಗಾಡದೆ ನಿಲ್ಲುತ್ತದೆ. ಯಾವ ಮರ ಎಲ್ಲಿ ಮುಳುಗಿದೆ ಎಂಬುದನ್ನು ಅವರು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದಕ್ಕೆಯ ಚಿತ್ರ ಬರೆದು ಗುರುತು ಹಾಕಿಟ್ಟಿದ್ದರು. ತೋಟದ ನಕ್ಷೆಯನ್ನು ತೋರಿಸುವ ಅಕ್ಕರೆಯಲ್ಲೇ ಅದನ್ನು ನನ್ನ ಮಗನಿಗೆ ತೋರಿಸಿದರು.

ಸೂರ್ಯ ಮುಳುಗಿದ್ದು ಎಂಟೂವರೆಯ ಹೊತ್ತಿಗೆ. ಹದಿನೆಂಟು ಅಡಿಯ ಅಲ್ಯೂಮಿನಿಯಂ ದೋಣಿಯಲ್ಲಿ ನಾವು ನಾಲ್ವರು ಕುಳಿತೆವು. ಹೊರಡುವ ಮುನ್ನ ಸ್ನೇಹಿತ ದಾರಿದೀಪಗಳನ್ನು ಪರೀಕ್ಷಿಸಿದ: ಮುಂಭಾಗದಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂಭಾಗದಲ್ಲಿ ಎಲ್ಲ ದಿಕ್ಕಿಗೂ ಕಾಣುವ ಬಿಳಿ. ಮೀನಿಗಾಗಿ ಹಾಕುವ ದೀಪ ಎಷ್ಟೇ ಪ್ರಖರವಾಗಿದ್ದರೂ ಅದು ಈ ದೀಪಗಳ ಬದಲಿಗೆ ಆಗುವುದಿಲ್ಲ. ನಿಂತ ದೋಣಿಯಲ್ಲೂ ಆ ಬಿಳಿ ದೀಪ ಉರಿಯುತ್ತಲೇ ಇರಬೇಕು ಎಂದು ಅವನು ಮಗನಿಗೆ ಒತ್ತಿ ಹೇಳಿದ. ಬೇಸಿಗೆಯ ಹಗಲಿನಲ್ಲಿ ಈ ಸರೋವರದ ಮೇಲೆ ದೊಡ್ಡ ದೊಡ್ಡ ಮೋಟಾರು ದೋಣಿಗಳು ಎಬ್ಬಿಸುವ ಅಲೆಗಳಿಗೆ ಸಣ್ಣ ದೋಣಿಯಲ್ಲಿ ನೆಟ್ಟಗೆ ಕೂರುವುದೂ ಕಷ್ಟ. ಸೆಕೆಯೂ ವಿಪರೀತ. ರಾತ್ರಿ ಮೀನು ಹಿಡಿಯುವ ಪದ್ಧತಿ ಇಲ್ಲಿ ಬೇರೂರಲು ಈ ಎರಡು ಕಾರಣಗಳೇ ಸಾಕು.

ಮೊದಲು ನಿಂತದ್ದು ಕೊಲ್ಲಿಯ ಬಾಯಿಯಲ್ಲಿರುವ ನೆರೆಯವರ ದಕ್ಕೆಯ ಹತ್ತಿರ. ನೀರು ಎಲ್ಲರದೂ ಆದರೂ ದಕ್ಕೆ ಅವರದು. ಆದ್ದರಿಂದ ಮಾವ ಸಂಜೆಯೇ ಫೋನ್ ಮಾಡಿ ಅನುಮತಿ ಕೇಳಿದ್ದರು. ದೋಣಿಯ ಎರಡೂ ಬದಿಯ ಕಂಬಗಳಿಗೆ ನೀರಿನ ಕಡೆ ಮುಖ ಮಾಡಿ ಜೋಡಿಸಿದ್ದ ಬಿಳಿ ದೀಪಗಳನ್ನು ಹೊತ್ತಿಸಿದೆವು. ಹತ್ತೇ ನಿಮಿಷದಲ್ಲಿ ಬಿಳಿ ರೆಕ್ಕೆಯ ಹುಳುಗಳು ಮುಖಕ್ಕೆ, ಕುತ್ತಿಗೆಗೆ, ಚಹಾದ ಲೋಟಕ್ಕೆ ಮುತ್ತಿದವು, ಕೆಲವು ನೀರಿಗೂ ಬಿದ್ದವು. ಆದರೆ ಮೀನು ಬರಲಿಲ್ಲ. ಒಂದು ಗಂಟೆ ಕಾದ ಮೇಲೆ ಮಾವ ಕಾರಣ ಹುಡುಕಿದರು. ನಾವು ದಕ್ಕೆಗೆ ತೀರ ಹತ್ತಿರ ನಿಂತು ಅದರ ಅಡಿಯ ಕತ್ತಲೆಗೇ ಬೆಳಕು ಸುರಿಯುತ್ತಿದ್ದೆವು. ಕ್ರಾಪಿಗೆ ಬೇಕಾದದ್ದು ತಾನು ಕತ್ತಲಲ್ಲಿ ನಿಂತು ಬೆಳಕಿನಲ್ಲಿರುವ ಬೇಟೆಯನ್ನು ನೋಡಬಲ್ಲ ಒಂದು ಅಂಚು. ದೋಣಿಯನ್ನು ಹದಿನೈದು ಅಡಿಯಷ್ಟು ಹಿಂದಕ್ಕೆ ಸರಿಸಿ, ಒಂದು ಬದಿಯ ದೀಪ ಆರಿಸಿ, ಬೆಳಕಿನ ಕೊನೆ ದಕ್ಕೆಯ ಬಾಯಿಗೆ ಸರಿಯಾಗಿ ಬೀಳುವಂತೆ ನಿಂತೆವು. ಆಮೇಲೆ ಐದು ಮೀನು ಸಿಕ್ಕಿದವು.

ಅವುಗಳಲ್ಲಿ ಮೊದಲನೆಯದು ಮಗನದು. ಅವನು ಬದುಕಿನಲ್ಲಿ ಹಿಡಿದ ಮೊದಲ ಮೀನು. ಮಾವ ಅದನ್ನು ಅಳತೆಯ ಹಲಗೆಯ ಮೇಲೆ ಮಲಗಿಸಿ, ಮೂತಿಯನ್ನು ತುದಿಗೆ ಒತ್ತಿ, ಬಾಲವನ್ನು ಸರಿಪಡಿಸಿ ನೋಡಿದರು. ಎಂಟೂವರೆ ಅಂಗುಲ. ಈ ಸರೋವರದಲ್ಲಿ ಒಂಬತ್ತು ಅಂಗುಲಕ್ಕಿಂತ ಚಿಕ್ಕ ಕ್ರಾಪಿಯನ್ನು ಇಟ್ಟುಕೊಳ್ಳುವಂತಿಲ್ಲ. ದೊಡ್ಡದಾದರೂ ಒಬ್ಬರಿಗೆ ದಿನಕ್ಕೆ ಹದಿನೈದೇ ಮೀನು. ಮಗನ ಕಣ್ಣು ತುಂಬಿತು. ಅವನ ಕೈಯಿಂದಲೇ ಮೀನನ್ನು ನೀರಿಗೆ ಇಳಿಸಿದರು. ಅದು ಕ್ಷಣಹೊತ್ತು ಅಂಗೈಯ ಮೇಲೆಯೇ ನಿಂತಿದ್ದು, ಬಾಲ ಕೊಡವಿ ದಕ್ಕೆಯ ಅಡಿಗೆ ಇಳಿದುಹೋಯಿತು. ನೋಡುತ್ತಿದ್ದ ನನಗೆ ದಾರಿಯುದ್ದಕ್ಕೂ ಕಾಡಿದ್ದ ಅಳುಕು ಸ್ವಲ್ಪ ಸಡಿಲಿತು.

ಎರಡನೆಯ ದಿನ, ಶುಕ್ರವಾರ

ರಾತ್ರಿ ಎರಡಕ್ಕೆ ಮಲಗಿದವರು ಹತ್ತರವರೆಗೆ ಎದ್ದಿರಲಿಲ್ಲ. ಎದ್ದ ಮೇಲೆ ಮಾವ ಹಿಂದಿನ ರಾತ್ರಿಯ ನಾಲ್ಕು ಮೀನುಗಳನ್ನು ಮಂಜುಗಡ್ಡೆಯಿಂದ ತೆಗೆದು ನಮಗೆ ಪರಿಚಯ ಮಾಡಿಕೊಟ್ಟರು. ಕ್ರಾಪಿಯಲ್ಲಿ ಎರಡು ಜಾತಿ, ಬಿಳಿಯದು ಮತ್ತು ಕಪ್ಪು. ಬಣ್ಣ ನೋಡಿ ಹೇಳುವುದು ನಂಬಿಕೆಗೆ ಯೋಗ್ಯವಲ್ಲ, ನೀರಿನ ಬಣ್ಣದಂತೆ ಮೀನಿನ ಬಣ್ಣವೂ ಬದಲಾಗುತ್ತದೆ. ಬೆನ್ನಿನ ಈಜುರೆಕ್ಕೆಯ ಮುಂಭಾಗದ ಗಟ್ಟಿ ಮುಳ್ಳುಗಳನ್ನು ಎಣಿಸಬೇಕು: ಐದೋ ಆರೋ ಇದ್ದರೆ ಬಿಳಿ, ಏಳೋ ಎಂಟೋ ಇದ್ದರೆ ಕಪ್ಪು. ಬಿಳಿಯದರ ಮೈಮೇಲೆ ಮಸುಕಾದ ಅಡ್ಡಪಟ್ಟಿಗಳು, ಕಪ್ಪಿನ ಮೈಮೇಲೆ ಚೆಲ್ಲಾಡಿದ ಚುಕ್ಕೆಗಳು. ಎರಡಕ್ಕೂ ಮೈ ಚಪ್ಪಟೆ, ಕಣ್ಣು ದೊಡ್ಡದು. ಬಾಯಿಯ ಪಕ್ಕದ ತೊಗಲು ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದರೆ ಆಚೆಗಿನ ಬೆರಳು ಕಾಣುತ್ತದೆ. 'ಕಾಗದದ ಬಾಯಿ' ಎಂಬ ಅಡ್ಡಹೆಸರು ಇದಕ್ಕೆ ಬಂದದ್ದು ಅದರಿಂದಲೇ. ಗಾಳ ಕಚ್ಚಿದೊಡನೆ ಜೋರಾಗಿ ಜಗ್ಗಿದರೆ ಆ ತೊಗಲು ಹರಿದು ಮೀನು ತಪ್ಪಿಸಿಕೊಳ್ಳುತ್ತದೆ.

ಹಗಲು ಮಾಡಬೇಕಾದ ಕೆಲಸ ಹೆಚ್ಚಿರಲಿಲ್ಲ. ಗಾಳಕ್ಕೆ ಚುಚ್ಚಲು ಮಿನ್ನೋ ಎಂಬ ಸಣ್ಣ ಮೀನಿನ ಜೀವಂತ ಮರಿಗಳನ್ನು ಕೊಳ್ಳಲು ಊರಿಗೆ ಹೋಗಿಬಂದೆವು. ಮಧ್ಯಾಹ್ನ ಸೆಕೆ ತಾಳದೆ ಮಗ ದಕ್ಕೆಯ ತುದಿಯಿಂದ ನೀರಿಗೆ ಹಾರುತ್ತೇನೆಂದ. ಅಲ್ಲಿಯವರೆಗೆ ಏರುದನಿಯಲ್ಲಿ ಒಂದು ಮಾತೂ ಆಡದಿದ್ದ ಮಾವ ಕೂಗಿ ತಡೆದರು. ದಕ್ಕೆಗಳಿಗೆ ದೋಣಿ ಎತ್ತುವ ಯಂತ್ರಕ್ಕಾಗಿ, ದೀಪಕ್ಕಾಗಿ ವಿದ್ಯುತ್ ತಂತಿ ಎಳೆದಿರುತ್ತಾರೆ. ತಂತಿ ಎಲ್ಲಾದರೂ ಸವೆದು ಸೋರಿದರೆ ವಿದ್ಯುತ್ತು ನೀರಿಗೆ ಹರಿಯುತ್ತದೆ, ನೀರಿನಲ್ಲಿರುವವನ ಕೈಕಾಲು ಮರಗಟ್ಟಿ ಅವನು ಮುಳುಗಿಹೋಗುತ್ತಾನೆ. ಹೊರಗಿನಿಂದ ನೋಡುವವರಿಗೆ ಕಾರಣವೂ ಕಾಣುವುದಿಲ್ಲ. 2012ರ ಜುಲೈನಲ್ಲಿ ಇದೇ ಸರೋವರದಲ್ಲಿ ಮಕ್ಕಳು ಹಾಗೆ ಜೀವ ಕಳೆದುಕೊಂಡಿದ್ದರು. ದಕ್ಕೆಗಳ ಸುತ್ತ ರಾತ್ರಿ ತಿರುಗುವವರು ಇದನ್ನು ಮರೆಯಬಾರದು ಎಂಬ ಕಾರಣಕ್ಕೆ ನಾನಿಲ್ಲಿ ಬರೆದಿದ್ದೇನೆ. ಗಾಳ ದಕ್ಕೆಯ ಅಡಿಯಲ್ಲಿ ಸಿಕ್ಕಿಕೊಂಡರೆ ದಾರ ಕಡಿದುಕೊಳ್ಳಬೇಕು. ಬಿಡಿಸಲೆಂದು ನೀರಿಗೆ ಇಳಿಯಬಾರದು.

ಆ ರಾತ್ರಿ ನಮ್ಮ ದೀಪಗಳೇ ಕೈಕೊಟ್ಟವು. ಒಂಬತ್ತೂವರೆಗೆ ಮಾವನ ದಕ್ಕೆಯ ಹೊರಮೂಲೆಯಲ್ಲಿ, ನೋಟ್‌ಬುಕ್ಕಿನ ಮೂರನೆಯ ಮರದ ಮೇಲೆ ನಿಂತೆವು. ಮೀನು ಸೇರತೊಡಗಿ, ಒಂಬತ್ತು ಮೀನು ಪೆಟ್ಟಿಗೆ ಸೇರಿದ ಹೊತ್ತಿಗೆ ಬೆಳಕು ಹಳದಿಗೆ ತಿರುಗಿತು, ಹನ್ನೆರಡರ ಸುಮಾರಿಗೆ ಪೂರ್ತಿ ಸೊರಗಿತು. ಕಂಬದ ಮೇಲಿನ ಎರಡೂ ದೀಪ ಹಳೆಯ ಹ್ಯಾಲೊಜೆನ್‌ಗಳು, ತಲಾ 55 ವ್ಯಾಟ್. 12 ವೋಲ್ಟಿನ ಬ್ಯಾಟರಿಯಿಂದ ಎರಡೂ ಸೇರಿ ಒಂಬತ್ತು ಆಂಪಿಯರ್‌ಗಿಂತ ಹೆಚ್ಚು ಹೀರುತ್ತವೆ. ಬ್ಯಾಟರಿ ನೂರು ಆಂಪಿಯರ್-ಗಂಟೆಯದು. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದು ಬೇಗ ಹಾಳಾಗುತ್ತದೆ, ಹಾಗಾಗಿ ಕೈಗೆ ಸಿಗುವುದು ಐದು ಗಂಟೆಯ ಬೆಳಕು. ಅದರ ಮೇಲೆ ದೋಣಿಯನ್ನು ನಿಂತಲ್ಲೇ ಹಿಡಿದಿಡುವ ವಿದ್ಯುತ್ ಮೋಟಾರನ್ನೂ ಅದೇ ಬ್ಯಾಟರಿಗೆ ಕೊಟ್ಟಿದ್ದೆವು. ದೀಪಕ್ಕೆ ಪ್ರತ್ಯೇಕ ಬ್ಯಾಟರಿ ಇಡಬೇಕೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಗಲು ಅದನ್ನು ಚಾರ್ಜ್ ಮಾಡಿದ್ದರೂ ದೋಣಿಗೆ ಏರಿಸಲು ಮರೆತಿದ್ದೆವು.

ಬೆಳಕು ಹೋದ ಮೇಲೆ ಸುಮ್ಮನೆ ಕುಳಿತೆವು. ಕಣ್ಣು ಕತ್ತಲಿಗೆ ಒಗ್ಗಿದಂತೆ ಆಕಾಶದ ತುಂಬ ನಕ್ಷತ್ರಗಳು ಕಾಣಿಸಿಕೊಂಡವು, ಗುಡ್ಡದ ಕಡೆಯಿಂದ ರಾತ್ರಿಹಕ್ಕಿಯೊಂದು ಒಂದೇ ಲಯದಲ್ಲಿ ಕೂಗುತ್ತಲೇ ಇತ್ತು. ಆಗ ಮಾವ ತಮ್ಮ ಬಾಲ್ಯದ ಮಾತು ತೆಗೆದರು. ಅವರ ತಂದೆಯ ಕಾಲದಲ್ಲಿ ಬ್ಯಾಟರಿ ದೀಪವಿರಲಿಲ್ಲ. ಗಾಳಿ ಹೊಡೆಯುವ ಗ್ಯಾಸ್ ಲಾಂದ್ರವನ್ನು ದೋಣಿಯ ಬದಿಗೆ ಸಲಾಕೆಯಲ್ಲಿ ತೂಗುಹಾಕಿ, ಬೆಳಕು ಕಣ್ಣಿಗೆ ರಾಚದಂತೆ ಒಂದು ಬದಿಗೆ ತಗಡು ಮರೆ ಕಟ್ಟುತ್ತಿದ್ದರಂತೆ. ನಮ್ಮ ಮನೆಯ ಅಟ್ಟದ ಮೇಲೆ ಇವತ್ತಿಗೂ ಬಿದ್ದಿರುವ ಪೆಟ್ರೋಮ್ಯಾಕ್ಸ್ ನನಗೆ ನೆನಪಾಯಿತು, ಅದರ ಸುಂಯ್ ಎಂಬ ಸದ್ದೂ ಕಿವಿಗೆ ಬಂದಂತಾಯಿತು. ಗಂಗೊಳ್ಳಿಯ ಅಪ್ಪನ ಬಗ್ಗೆ, ಅವರು ಕಂಡ ಕಡಲಿನ ಬೆಳಕಿನ ಬಗ್ಗೆ ಮಾವನಿಗೆ ಹೇಳಿದೆ. ಅವರು ಬಹಳ ಹೊತ್ತು ಪ್ರಶ್ನೆ ಕೇಳಿದರು: ಬಲೆ ಎಷ್ಟು ಉದ್ದ, ಕಣ್ಣಿನ ಅಳತೆ ಎಷ್ಟು, ಒಂದು ಸಲಕ್ಕೆ ಎಷ್ಟು ಮೀನು, ಮರಿಗಳನ್ನು ವಾಪಸು ಬಿಡುವುದಿಲ್ಲವೇ. ಬಲೆಯಿಂದ ಮೇಲೆ ಬಂದ ಮರಿ ಸತ್ತೇ ಇರುತ್ತದೆ ಎಂದಾಗ ಅವರು ಮಾತಾಡಲಿಲ್ಲ.

ಮೂರನೆಯ ದಿನ, ಶನಿವಾರ

ಬೆಳಿಗ್ಗೆ ಬ್ಯಾಗ್ನೆಲ್ ಅಣೆಕಟ್ಟು ನೋಡಿಬಂದೆವು. ಸುಮಾರು ಅರ್ಧ ಮೈಲು ಉದ್ದದ ಕಾಂಕ್ರೀಟ್ ಗೋಡೆ, ಮೇಲೆ ರಸ್ತೆ. ನೀರು ತುಂಬುವ ಮೊದಲು ಜಿಲ್ಲಾ ಕೇಂದ್ರವಾಗಿದ್ದ ಹಳೆಯ ಲಿನ್ ಕ್ರೀಕ್ ಊರು ಈಗ ತಳದಲ್ಲಿದೆ, ಅದರ ಬದಲಿಗೆ ಹುಟ್ಟಿದ್ದೇ ಕ್ಯಾಮ್ಡನ್ಟನ್. ಅಲ್ಲಿ ನಿಲ್ಲಲು ಹೆಚ್ಚು ಮನಸ್ಸಾಗಲಿಲ್ಲ. ನಮ್ಮ ಗಮನವೆಲ್ಲ ರಾತ್ರಿಯ ಮೇಲಿತ್ತು. ಸ್ನೇಹಿತ ಹಿಂತಿರುಗುವ ದಾರಿಯಲ್ಲಿ ನೀರಿನೊಳಗೆ ಇಳಿಬಿಡುವ ಹಸಿರು ಎಲ್‌ಇಡಿ ದೀಪವೊಂದನ್ನು ಕೊಂಡುಕೊಂಡ. ಅದು ಎಳೆಯುವುದು ಎರಡು ಆಂಪಿಯರ್‌ಗಿಂತ ಕಡಿಮೆ. ನೀರು ಕೆಂಪು ಬೆಳಕನ್ನು ಮೊದಲ ಕೆಲವು ಅಡಿಗಳಲ್ಲೇ ನುಂಗಿಬಿಡುತ್ತದೆ. ಸರೋವರದ ನಸುಹಸಿರು ನೀರಿನಲ್ಲಿ ಎಲ್ಲಕ್ಕಿಂತ ದೂರ ಸಾಗುವುದು ಹಸಿರು. ದೀಪ ನೀರಿನೊಳಗಿದ್ದರೆ ಹುಳುಗಳ ಕಾಟವೂ ಕಡಿಮೆ.

ರಾತ್ರಿ ಒಂಬತ್ತೂಕಾಲಿಗೆ ಮತ್ತೆ ಅದೇ ಮೂರನೆಯ ಮರದ ಮೇಲೆ ನಿಂತೆವು. ತೆಳ್ಳನೆಯ ಚಂದ್ರ ಇನ್ನೂ ಪಶ್ಚಿಮದ ಗುಡ್ಡದ ಮೇಲಿದ್ದ. ಅವನು ಇಳಿಯುವವರೆಗೆ ನಾವು ದೀಪವನ್ನು ಹೊತ್ತಿಸಿದ್ದರೂ ದಾರ ಬಿಡಲಿಲ್ಲ. ನೀರಿನಾಳವನ್ನು ಶಬ್ದದ ಅಲೆಗಳಿಂದ ಅಳೆದು ತೋರಿಸುವ ಸೋನಾರ್ ಯಂತ್ರದ ತೆರೆಯಲ್ಲಿ ಇಪ್ಪತ್ತೆರಡು ಅಡಿಯ ಸುಮಾರಿಗೆ ಮಸುಕಾದ ಒಂದು ಗೆರೆ ಕಾಣುತ್ತಿತ್ತು. ಬೇಸಿಗೆಯಲ್ಲಿ ಮೇಲಿನ ಬೆಚ್ಚಗಿನ ನೀರೂ ಕೆಳಗಿನ ತಣ್ಣನೆಯ ನೀರೂ ಬೆರೆಯದೆ ಎರಡು ಪದರವಾಗಿ ನಿಲ್ಲುತ್ತವೆ; ಕೆಳಪದರದಲ್ಲಿ ಆಮ್ಲಜನಕ ತೀರುತ್ತ ಬರುತ್ತದೆ, ಮೀನು ಅಲ್ಲಿಗೆ ಇಳಿಯುವುದಿಲ್ಲ. ಅಂದರೆ ನಾವು ಹುಡುಕಬೇಕಾದ್ದು ಆ ಗೆರೆಗಿಂತ ಮೇಲೆ ಮಾತ್ರ.

ಮುಂದಿನ ಮುಕ್ಕಾಲು ಗಂಟೆ ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಮೊದಲು ಬರೀ ಹಸಿರು, ಮನೆಯಷ್ಟು ಅಗಲದ ಒಂದು ಹಸಿರು ಗೋಳ, ಅದರೊಳಗೆ ದೀಪದ ತಂತಿಯ ನೆರಳು. ಹತ್ತು ನಿಮಿಷ ಕಳೆದ ಮೇಲೆ ಅದರಲ್ಲಿ ಧೂಳು ಎದ್ದಂತೆ ಕಂಡಿತು. ಬಗ್ಗಿ ನೋಡಿದರೆ ಆ ಧೂಳಿನ ಕಣಗಳು ತಾವಾಗಿ ಕುಪ್ಪಳಿಸುತ್ತಿದ್ದವು. ಹಗಲು ಆಳದಲ್ಲಿ ಅಡಗಿದ್ದು ಇರುಳಾದೊಡನೆ ಮೇಲೇರುವ ನೀರುಚಿಗಟಗಳು ಅವು. ಬೆಳಕು ಕಂಡಲ್ಲಿ ಗುಂಪುಗೂಡುತ್ತವೆ. ಆಮೇಲೆ ಗೋಳದ ಅಂಚಿನಲ್ಲಿ ಏನೋ ಮಿಂಚಿ ಮಾಯವಾಯಿತು, ಮತ್ತೆ ಮಿಂಚಿತು, ಮೂರನೆಯ ಸಲ ಮಾಯವಾಗದೆ ಒಳಗೇ ಬಂತು. ಶ್ಯಾಡ್ ಎಂಬ ಬೆರಳುದ್ದದ ಮೀನಿನ ಹಿಂಡು, ನಮ್ಮ ಬೂತಾಯಿಯ ದೂರದ ನೆಂಟ. ನೂರಾರು ಮೀನು ಒಂದೇ ದಿಕ್ಕಿಗೆ ದೀಪವನ್ನು ಸುತ್ತತೊಡಗಿದವು. ಹಿಂಡು ಹೊರಳಿದಾಗಲೆಲ್ಲ ಅಷ್ಟೂ ಪಕ್ಕೆಗಳು ಒಟ್ಟಿಗೆ ಬೆಳಗುತ್ತಿದ್ದವು. ಮಗ ಉಸಿರು ಬಿಗಿಹಿಡಿದು ದೋಣಿಯ ಅಂಚಿಗೆ ಗಲ್ಲ ಊರಿ ನೋಡುತ್ತಿದ್ದ. ಬೂತಾಯಿಯ ಹಿಂಡು ಬೆಳಗುವುದನ್ನು ಅಪ್ಪ ಕೈಸನ್ನೆಯಲ್ಲಿ ತೋರಿಸುತ್ತಿದ್ದದ್ದು ಹೀಗೆಯೇ, ಐದೂ ಬೆರಳನ್ನು ಒಮ್ಮೆಲೇ ಅರಳಿಸಿ. ಅದನ್ನು ನಾನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು, ಅದೂ ಕಡಲಿನಿಂದ ಇಷ್ಟು ದೂರದಲ್ಲಿ.

ಕ್ರಾಪಿ ಮಾತ್ರ ಕಾಣಲಿಲ್ಲ. ಅದು ಕಾಣುವುದೇ ಇಲ್ಲವೆಂದು ಮಾವ ಪಿಸುಗುಟ್ಟಿದರು. ಹಿಂಡಿನ ಕೆಳಗೆ, ಬೆಳಕು ಕತ್ತಲೆಗೆ ಸೇರುವಲ್ಲಿ, ಹನ್ನೆರಡು ಅಡಿಯ ಸುಮಾರಿನಲ್ಲಿ ಅದು ತಲೆಯನ್ನು ಮೇಲ್ಮುಖ ಮಾಡಿ ನಿಂತಿರುತ್ತದೆ. ಅದರ ಕಣ್ಣು ಮೇಲಕ್ಕೆ ನೋಡುವಂತೆ ಕೂತಿದೆ, ಆದ್ದರಿಂದ ಗಾಳ ಅದರ ತಲೆಗಿಂತ ಒಂದಡಿ ಮೇಲಿರಬೇಕು, ಕೆಳಗೆ ಹೋದರೆ ಅದರ ಪಾಲಿಗೆ ಇಲ್ಲವೇ ಇಲ್ಲ. ನಾಲ್ಕು ಪೌಂಡು ಭಾರ ತಾಳುವ ತೆಳು ದಾರ, ಜಾರುವ ಬೆಂಡು, ಹನ್ನೊಂದಡಿಗೆ ಕಟ್ಟಿದ ತಡೆಗಂಟು, ಸಣ್ಣ ಸೀಸ, ತೆಳು ತಂತಿಯ ಗಾಳ, ಅದರ ತುದಿಗೆ ಬೆನ್ನಿನ ಬಳಿ ಚುಚ್ಚಿದ ಮಿನ್ನೋ. ತೆಳು ತಂತಿಯ ಗಾಳವನ್ನೇ ಆರಿಸುವುದೇಕೆಂದರೆ ಅದು ಸೀಡರ್ ರೆಂಬೆಗೆ ಸಿಕ್ಕಿಕೊಂಡಾಗ ನಿಧಾನವಾಗಿ ಎಳೆದರೆ ನೆಟ್ಟಗಾಗಿ ಬಿಟ್ಟುಬರುತ್ತದೆ, ಬೆರಳಿನಲ್ಲಿ ಮತ್ತೆ ಬಾಗಿಸಿ ಬಳಸಬಹುದು.

ಬೆಂಡು ನೀರಿನ ಮೇಲೆ ನೆಟ್ಟಗೆ ನಿಂತಿತ್ತು. ನಾನು ಅದು ಮುಳುಗುವುದನ್ನು ಕಾಯುತ್ತಿದ್ದೆ. ಚಿಕ್ಕಂದಿನಿಂದ ನಾನು ನೋಡಿದ್ದ ಬೆಂಡುಗಳೆಲ್ಲ ಮುಳುಗಿಯೇ ಮೀನಿನ ಸುದ್ದಿ ಹೇಳಿದ್ದವು. ಇದು ಮುಳುಗಲಿಲ್ಲ. ಇದ್ದಕ್ಕಿದ್ದಂತೆ ಭಾರ ಕಳೆದುಕೊಂಡು ಪಕ್ಕಕ್ಕೆ ವಾಲಿ, ನೀರಿನ ಮೇಲೆ ಅಡ್ಡ ಮಲಗಿತು. ಮಾವ ನನ್ನ ಮೊಣಕೈ ಮುಟ್ಟಿದರು. ಕ್ರಾಪಿ ಕೆಳಗಿನಿಂದ ಬಂದು ಮಿನ್ನೋವನ್ನು ಬಾಯಿಗೆ ತೆಗೆದುಕೊಂಡು ಮೇಲಕ್ಕೇ ಏರುತ್ತದೆ. ಸೀಸದ ಭಾರವನ್ನು ಮೀನು ಹೊತ್ತುಕೊಂಡಾಗ ಬೆಂಡಿಗೆ ನಿಲ್ಲಲು ಆಧಾರವಿರುವುದಿಲ್ಲ, ಹಾಗಾಗಿ ಮಲಗುತ್ತದೆ. ದಾರವನ್ನು ಸುತ್ತಿ ಬಿಗಿಮಾಡಿ, ಕೋಲನ್ನು ಜಗ್ಗದೆ ಮೆಲ್ಲನೆ ಎತ್ತಿದೆ. ಕೋಲಿನ ತುದಿ ಬಾಗಿತು, ಮೀನು ವೃತ್ತಾಕಾರವಾಗಿ ಸುತ್ತುತ್ತ ಹಸಿರು ಬೆಳಕಿಗೆ ಏರಿಬಂತು, ಮಗ ಕೈಬಲೆ ಒಡ್ಡಿದ. ಹನ್ನೊಂದು ಅಂಗುಲದ ಕಪ್ಪು ಕ್ರಾಪಿ. ಮುಳ್ಳು ಎಣಿಸಿದೆವು, ಏಳಿದ್ದವು.

ಅಲ್ಲಿಂದ ಬಹಳ ಹೊತ್ತು ಯಾರೂ ಸಡಿಲವಾಗಿ ಕೂರಲಿಲ್ಲ. ನೀರಿನ ಮೇಲೆ ಧ್ವನಿ ದೂರ ಹೋಗುತ್ತದೆ, ದಂಡೆಯ ಮನೆಗಳಲ್ಲಿ ಜನ ಮಲಗಿರುತ್ತಾರೆ. ಆದ್ದರಿಂದ ಸಂಭ್ರಮವನ್ನೂ ಪಿಸುಮಾತಿನಲ್ಲೇ ಹಂಚಿಕೊಂಡೆವು. ಒಂಬತ್ತು ಅಂಗುಲ ಮುಟ್ಟದವು ಆರೋ ಏಳೋ ಬಂದವು, ಎಲ್ಲವೂ ವಾಪಸು ಹೋದವು. ಹನ್ನೊಂದೂಮುಕ್ಕಾಲಿಗೆ ಮಾವ ಪೆಟ್ಟಿಗೆ ತೆರೆದು ಎಣಿಸಿ, ನಾಲ್ವರದೂ ಸೇರಿ ಇಪ್ಪತ್ತನಾಲ್ಕು ಎಂದರು. ನಿಯಮದ ಪ್ರಕಾರ ಇನ್ನೂ ಬಹಳ ಮೀನು ಹಿಡಿಯಬಹುದಿತ್ತು, ಶ್ಯಾಡ್ ಹಿಂಡೂ ಸುತ್ತುತ್ತಲೇ ಇತ್ತು. ಅವರು ಏನನ್ನೂ ವಿವರಿಸದೆ ಕೈಚಾಚಿ ದೀಪದ ಗುಂಡಿ ಒತ್ತಿದರು. ಗೋಳ ಆರಿತು. ಒಂದು ಕ್ಷಣ ನೀರಿನ ಮೇಲೆಲ್ಲ ಸಣ್ಣಗೆ ಮಳೆ ಬಿದ್ದಂಥ ಸದ್ದು, ಹಿಂಡು ಚದುರಿದ ಸದ್ದು, ಕೇಳಿಸಿತು.

ನಾಲ್ಕನೆಯ ದಿನ, ಭಾನುವಾರ

ಬೆಳಿಗ್ಗೆ ದಕ್ಕೆಯ ಮೇಲಿನ ಮೇಜಿನಲ್ಲಿ ಮೀನು ಕೊಯ್ದೆವು. ಮಾವ ಕಿವಿರಿನ ಹಿಂದೆ ಒಂದು ಗೀರು, ಬೆನ್ನುಮೂಳೆಯ ಗುಂಟ ಬಾಲದವರೆಗೆ ಒಂದು ಎಳೆತ, ತಿರುಗಿಸಿ ತೊಗಲು ಬಿಡಿಸುವುದು, ಹೀಗೆ ಮೂರು ಚಲನೆಯಲ್ಲಿ ಒಂದು ಬದಿಯ ಮಾಂಸ ತೆಗೆಯುತ್ತಿದ್ದರು. ನಾನು ನಮ್ಮ ಪದ್ಧತಿಯಂತೆ ಐದು ಮೀನುಗಳನ್ನು ಮೂಳೆಯೊಂದಿಗೇ ಇಟ್ಟುಕೊಂಡು, ಹುರುಪೆ ಕೆರೆದು, ಪಕ್ಕಕ್ಕೆ ಗೀರು ಹಾಕಿದೆ. ಉಳಿದ ಮಿನ್ನೋ ಮರಿಗಳನ್ನು ಮಗ ಸರೋವರಕ್ಕೆ ಬಿಡಹೊರಟಾಗ ಸ್ನೇಹಿತ ತಡೆದ. ಬೇರೆ ಕಡೆಯಿಂದ ತಂದ ಮೀನನ್ನು ಇಲ್ಲಿಯ ನೀರಿಗೆ ಸೇರಿಸಬಾರದು. ಈ ಸರೋವರದಲ್ಲಿ 2006ರಲ್ಲಿ ಕಾಣಿಸಿಕೊಂಡ ಜೀಬ್ರಾ ಚಿಪ್ಪುಹುಳ ದೋಣಿಗಳಿಗೆ ಅಂಟಿಕೊಂಡೇ ಊರೂರಿಗೆ ಹರಡುವಂಥದ್ದು. ಆದ್ದರಿಂದ ದೋಣಿಯನ್ನು ಮೇಲೆತ್ತಿ, ತಳದ ನೀರು ಬಸಿದು, ಹಗ್ಗದ ಎಳೆಎಳೆಯನ್ನೂ ಬಿಸಿಲಿಗೆ ಒಣಗಿಸಿದೆವು.

ಸಂಜೆ ಸೇಂಟ್ ಲೂಯಿಸ್ ಮನೆಯಲ್ಲಿ ಹೆಂಡತಿ ಬ್ಯಾಡಗಿ ಮೆಣಸು, ಹುಳಿ, ಅರಿಶಿನ ಅರೆದ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ, ತೆಂಗಿನೆಣ್ಣೆಯಲ್ಲಿ ಕ್ರಾಪಿ ಹುರಿದಳು. ಮಾಂಸ ಬಿಳಿಯದು, ಕಾಣೆ ಮೀನಿಗಿಂತಲೂ ಮೆದು. ಸಿಹಿನೀರಿನ ಮೀನಿನಲ್ಲಿ ನಾನು ಹೆದರಿದ್ದ ಮಣ್ಣಿನ ವಾಸನೆ ಇರಲಿಲ್ಲ.

ಊಟವಾದ ಮೇಲೆ ಊರಿನಲ್ಲಿ ಬೆಳಗಾಗುವುದನ್ನು ಕಾದು ವಿಡಿಯೋ ಕರೆ ಮಾಡಿದೆ. ಅಲ್ಲಿ ಮಳೆ ಸುರಿಯುತ್ತಿತ್ತು. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ ಕಾಲ, ಯಂತ್ರದ ದೋಣಿಗಳೆಲ್ಲ ದಕ್ಕೆಯಲ್ಲಿವೆ, ನಾಡದೋಣಿಯವರು ಕಡಲು ಹದವಾಗುವುದನ್ನು ಕಾಯುತ್ತಿದ್ದಾರೆ ಎಂದು ಅಪ್ಪ ಹೇಳಿದರು. ನಾನು ಎಲ್ಲವನ್ನೂ ಹೇಳಿದೆ, ದೀಪವನ್ನೂ ಮುಚ್ಚಿಡಲಿಲ್ಲ. ಅವರ ಹುಬ್ಬು ಗಂಟಾಯಿತು. ಮಗ ನಡುವೆ ನುಗ್ಗಿ, ತಾನು ಹಿಡಿದ ಮೊದಲ ಮೀನು ಅರ್ಧ ಅಂಗುಲ ಕಡಿಮೆಯಿತ್ತೆಂದೂ ಅದನ್ನು ತನ್ನ ಕೈಯಿಂದಲೇ ವಾಪಸು ಬಿಟ್ಟೆನೆಂದೂ ಎರಡು ಬೆರಳಿನಲ್ಲಿ ಅರ್ಧ ಅಂಗುಲ ತೋರಿಸಿ ಹೇಳಿದ. ಅಪ್ಪ ಆ ಬೆರಳುಗಳನ್ನು ನೋಡಿದರು. ಹುರಿಯದೆ ಉಳಿದಿದ್ದ ಒಂದು ಮೀನನ್ನು ತರಿಸಿ, ಪರದೆಯ ಹತ್ತಿರ ಹಿಡಿಯಲು ಹೇಳಿ, ಬಾಯಿ, ಕಿವಿರು, ಹೊಟ್ಟೆ ಎಲ್ಲವನ್ನೂ ತಿರುಗಿಸಿ ತಿರುಗಿಸಿ ತೋರಿಸಿಕೊಂಡರು.

"ಮೊಟ್ಟಿ ಇತ್ತಾ?" ಎಂದು ಕೇಳಿದರು.

ಇರಲಿಲ್ಲ, ಇವು ಏಪ್ರಿಲ್ ಹೊತ್ತಿಗೆ, ನೀರು ಬೆಚ್ಚಗಾಗುತ್ತಿದ್ದಂತೆ ದಂಡೆಗೆ ಬಂದು ಮೊಟ್ಟೆಯಿಟ್ಟು ಮುಗಿಸಿರುತ್ತವೆ, ಗಂಡು ಮೀನೇ ಗೂಡು ಕಾಯುತ್ತದೆ ಎಂದೆ. ಅಪ್ಪ ತಲೆಯಾಡಿಸಿ, ಬೆಂಡು ಮಲಗಿದ ಸಂಗತಿಯನ್ನು ಇನ್ನೊಮ್ಮೆ ಹೇಳು ಎಂದರು.